ಕೊಕ್ಕೆ ಓಣಿಯಲ್ಲಿ ತೊಕುಜಿ

ಮೂವತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ದಾರಿ ಹೇಳಿಕೊಡಲು ಹೋದವರಿಗೆ ಮಂಗಳಾರತಿಯೇ ಗತಿ. ನಮ್ಮ ಹಗಿ ಪಟ್ಟಣದ ತೊಕುಜಿ ಅಂಥ ಆಸಾಮಿ. ನಿವೃತ್ತನಾದ ಮೇಲೆ ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು, ಬಿಟ್ಟಿಯಾಗಿ, ಹಳೆಯ ಸಮುರಾಯಿ ಕೇರಿಯನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದ.

ಆ ಕೇರಿ ಕಟ್ಟಿದವರ ಬುದ್ಧಿ ನೋಡಿ! ಶತ್ರು ನುಗ್ಗಿದರೆ ದಿಕ್ಕು ತಪ್ಪಲೆಂದು ಓಣಿಗಳನ್ನು ಬೇಕೆಂದೇ ಕೊಕ್ಕೆಯಂತೆ ತಿರುಗಿಸಿದ್ದಾರೆ. ಎರಡೂ ಕಡೆ ಆಳೆತ್ತರದ ಗೋಡೆ, ಎಲ್ಲವೂ ಒಂದೇ ಥರ. ಊರವರು ಗೋಡೆ ನೋಡುವುದೇ ಇಲ್ಲ. ಗೋಡೆಯ ಮೇಲಿಂದ ಇಣುಕುವ ಕಿತ್ತಳೆ ಮರಗಳನ್ನು ನೋಡಿ ತಿರುಗುತ್ತಾರೆ. ತೊಕುಜಿಯೂ ಹಾಗೆಯೇ.

ಅವನಿಗಿದ್ದದ್ದು ಒಂದೇ ಭಯ. ಅಣ್ಣ ಕಾನ್ಜಿ ಒಂದು ಸಂಜೆ ಊರಿನ ಸಾರ್ವಜನಿಕ ಸ್ನಾನದ ಮನೆಯಿಂದ ಹಿಂದಿರುಗುವ ದಾರಿ ಮರೆತಿದ್ದ. ವರ್ಷ ತುಂಬುವುದರೊಳಗೆ ಕಟ್ಟಿಕೊಂಡ ಹೆಂಡತಿಯನ್ನೇ "ನೀವ್ಯಾರಮ್ಮ?" ಎಂದು ಕೇಳಿದ್ದ.

"ನಾನೂ ಹಂಗಾಗ್ಬಿಟ್ರೆ?" ಎಂದು ತೊಕುಜಿ ಹೆಂಡತಿ ಫುಮಿಕೊಳನ್ನು ಕೇಳುತ್ತಿದ್ದ.

"ನಿಮ್ಗೆ ದಾರಿ ಮರೆಯತ್ತಾ? ತಿಂದ ತಟ್ಟೆ ತೊಳಿಯೋದು ಮಾತ್ರ ಮರೆಯತ್ತೆ."

"ತಮಾಷೆ ಅಲ್ಲ ಕಣೆ. ಒಂದೇ ಒಂದ್ಸಲ ಓಣೀಲಿ ದಾರಿ ತಪ್ಪಿದ್ರೂ ಈ ಪಟ್ಟಿ ಬಿಚ್ಚಿಡ್ತೀನಿ."

ಮೇ ತಿಂಗಳ ಆ ಬೆಳಿಗ್ಗೆ ಒಸಾಕಾದಿಂದ ಆರು ಜನ ಹೆಂಗಸರು ಬಂದಿದ್ದರು. ಬಾಯಿ ಅಂದರೆ ಬಾಯಿ! ಅವರಲ್ಲಿ ತಮಾಯೊ ಎಂಬಾಕೆ ಬೇಲಿಯನ್ನೂ ಮಾತಾಡಿಸುವ ಪೈಕಿ. ತೊಕುಜಿಯ ಕೇರಿಯವಳೇ ಆದ ಇಕುಯೊ ಅಮ್ಮನ ಮನೆಯ ದೊಡ್ಡ ಕಿತ್ತಳೆ ಮರದ ಹತ್ತಿರ ಎಡಕ್ಕೆ ತಿರುಗಿದರೆ ಹೊಳೆದಂಡೆ, ಅಲ್ಲಿ ಅವರ ಬಸ್ಸು. ತೊಕುಜಿ ಮಾತಾಡುತ್ತಲೇ ತಲೆಯೆತ್ತಿದ. ಮರವಿಲ್ಲ. ಬರೀ ಆಕಾಶ.

ಮುಂದಿನ ತಿರುವಿರಬೇಕು ಎಂದುಕೊಂಡ. ಅಲ್ಲೂ ಇಲ್ಲ. ಹಿಂದೆ ಬಂದ, ಬಲಕ್ಕೆ ಹೋದ, ಮತ್ತೆ ಅದೇ ಗೋಡೆ ಎದುರಾಯಿತು. ಅದೇ ಗೋಡೆಯೋ, ಅಂಥದ್ದೇ ಇನ್ನೊಂದೋ?

"ಗೈಡಪ್ಪಾ, ಈ ಬೆಕ್ಕು ನಮ್ಮನ್ನ ಮೂರನೇ ಸಲ ನೋಡ್ತಾ ಇದೆ," ಎಂದಳು ತಮಾಯೊ. "ನಾವೇನು ಶತ್ರುಗಳಾ?"

ಎಲ್ಲರೂ ನಕ್ಕರು. ತೊಕುಜಿಯೂ ನಕ್ಕ. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋಣವೆಂದು ಹಳೆಯ ರೂಟಿನ ಮೂವತ್ತೆರಡು ಸ್ಟಾಪುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡ. ಒಂದೂ ತಪ್ಪಲಿಲ್ಲ. ಹಾಗಾದರೆ ತಲೆ ನೆಟ್ಟಗಿದೆ. ಹಾಗಾದರೆ ಮರ ಎಲ್ಲಿ ಹೋಯಿತು? ಎಡಕ್ಕಿತ್ತೋ, ಬಲಕ್ಕಿತ್ತೋ? ಅಯ್ಯೋ ದೇವರೇ, ಅಣ್ಣನಿಗೂ ಹೀಗೆಯೇ ಆಗಿತ್ತೇ?

ಅಷ್ಟರಲ್ಲಿ ಒಂದು ಬಾಗಿಲು ತೆರೆದು, ಪೊರಕೆ ಹಿಡಿದ ಇಕುಯೊ ಅಮ್ಮ ಹೊರಗೆ ಬಂದಳು. ಅವಳ ಹಿಂದೆ ಅಂಗಳದಲ್ಲಿ ಹಸಿ ಮೋಟು, ಸುತ್ತ ಮರದ ಹೊಟ್ಟು. ತೊಕುಜಿಗೆ ಹೋದ ಜೀವ ಬಂದಂತಾಯಿತು. ಗಟ್ಟಿಯಾಗಿ ನಕ್ಕುಬಿಟ್ಟ.

"ಕಡಿಸ್ಬಿಟ್ರಾ! ನಾನು ಎಷ್ಟು ಹೆದರ್ಕೊಂಡೆ ಗೊತ್ತಾ? ಒಂದ್ಮಾತು ಹೇಳ್ಬಾರ್ದಿತ್ತಾ?"

ಇಕುಯೊಳ ಮುಖ ಕೆಂಪಾಯಿತು. ನಮ್ಮಲ್ಲಿ ಮನೆಯ ಕೆಲಸಕ್ಕೆ ಗರಗಸ ಹಚ್ಚುವ ಮೊದಲು ಅಕ್ಕಪಕ್ಕದ ಮನೆಮನೆಗೂ ಹೋಗಿ, ಒಂದೊಂದು ಟವೆಲ್ ಕೊಟ್ಟು, ಸದ್ದಾಗುತ್ತದೆ ಕ್ಷಮಿಸಿ ಎಂದು ತಲೆಬಾಗಿ ಬರಬೇಕು. ಒಂದು ಮನೆ ಬಿಟ್ಟರೂ ಹತ್ತು ವರ್ಷ ಆಡಿಕೊಳ್ಳುತ್ತಾರೆ.

"ಹೇಳದೆ ಇರ್ತೀನಾ ತೊಕುಜಿಯಣ್ಣ? ಹೋದ ವಾರ ನಿಮ್ಮ ಕೈಗೇ ಟವೆಲ್ ಕೊಟ್ನಲ್ಲ. ಮೊನ್ನೆ ಕಡಿಯೋವಾಗ ನೀವೂ ಇದ್ರಿ! ಈ ಜಗಲಿ ಮೇಲೆ ಕೂತು ಎರಡು ಲೋಟ ಟೀ ಕುಡಿದ್ರಿ. ಮರ ಬಿದ್ದಾಗ ಕಣ್ಣು ಒರೆಸ್ಕೊಂಡ್ರಿ."

ತೊಕುಜಿ ಜಗಲಿಯನ್ನು ನೋಡಿದ. ಟೀ? ಗರಗಸದ ಸದ್ದು? ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ. ಮೂವತ್ತೆರಡು ಸ್ಟಾಪುಗಳಿದ್ದವು, ಮೊನ್ನೆಯ ದಿನವಿರಲಿಲ್ಲ.

ಇಕುಯೊಗೆ ಆಗ ಅರ್ಥವಾಯಿತು. ಪೊರಕೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು.

"ಅಯ್ಯೋ, ನಂದೇ ತಪ್ಪು. ಬೇರೆ ಯಾರನ್ನೋ ನೀವು ಅಂದ್ಕೊಂಡೆ. ನಂಗೂ ವಯಸ್ಸಾಯ್ತು ನೋಡಿ," ಎಂದು ಆಳವಾಗಿ ತಲೆಬಾಗಿದಳು.

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು.

"ಬೇಡಮ್ಮ, ಸುಳ್ಳು ಹೇಳ್ಬೇಡಿ," ಎಂದ ತೊಕುಜಿ. ಪಟ್ಟಿಯ ಗಂಟು ಬಿಚ್ಚಲು ಹೋದ. ಒಂದೇ ಕೈಯಲ್ಲಿ ಆಗಲಿಲ್ಲ. ತಮಾಯೊ ಹತ್ತಿರ ಬಂದು ಮೆಲ್ಲಗೆ ಬಿಚ್ಚಿಕೊಟ್ಟಳು.

"ಇಕುಯೊ ಅಮ್ಮ, ಇವ್ರನ್ನ ಹೊಳೆ ಹತ್ರ ಬಸ್ಸಿಗೆ ಬಿಡ್ತೀರಾ?" ಎಂದ. ಪಟ್ಟಿಯನ್ನು ಮಡಚಿಟ್ಟುಕೊಂಡು, ಮಗುವಿನಷ್ಟು ಸಣ್ಣ ದನಿಯಲ್ಲಿ ಕೇಳಿದ: "ಆಮೇಲೆ, ನನ್ನನ್ನೂ ಮನೆಗೆ ಬಿಡ್ತೀರಾ?"