ಬೀಗರ ಸುತ್ತ ಎದ್ದ ಮನೆ

ಕುಲೈಪಾ ಎಜೆ ಸುಸಾಮಿರ್ ಕಣಿವೆಯಲ್ಲಿ ಇಪ್ಪತ್ತೆಂಟು ವರ್ಷ ಕುದುರೆಯ ಮೇಲೆ ಕೂತು ಅಂಚೆ ಹಂಚಿದವಳು. ಎಜೆ ಎಂದರೆ ಅಕ್ಕ. ಅವಳು ಇಡೀ ಕಣಿವೆಗೇ ಅಕ್ಕ. ಬೇಸಿಗೆಯಲ್ಲಿ ನಾವೆಲ್ಲ ಕುರಿಗಳ ಹಿಂದೆ ಹುಲ್ಲುಗಾವಲಿಗೆ ಏರುತ್ತೇವೆ, ಹುಲ್ಲು ಮುಗಿದರೆ ಕಂಬಳಿ ಡೇರೆ ಕಿತ್ತು ಮುಂದೆ ನಡೆಯುತ್ತೇವೆ. ನಮ್ಮಂಥವರಿಗೆ ಕಾಗದ ತಲುಪಿಸಿ ತಲುಪಿಸಿ ಅವಳಿಗೆ ವಿಳಾಸಗಳ ಮೇಲೆ ನಂಬಿಕೆಯೇ ಹೋಗಿತ್ತು. "ನಿಮಗೆಲ್ಲ ಬಾಗಿಲ ನಂಬರ್ ಎಲ್ಲಿದೆ? ಇರೋದು ಯಾವ ತಿಂಗಳು ಅನ್ನೋದು ಅಷ್ಟೇ" ಎನ್ನುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳ ಕೈಗೆ ಮೊಬೈಲು ಬಂತು, ಮೊಬೈಲಿಗೆ 'ಕಾಯ್ದಾ' ಬಂತು. ಕಾಯ್ದಾ ಎಂದರೆ ನಮ್ಮ ಮಾತಿನಲ್ಲಿ 'ಎಲ್ಲಿ'. ರಾಜಧಾನಿ ಬಿಷ್ಕೆಕ್‌ನ ನಾಲ್ಕು ಹುಡುಗಿಯರು ನಡೆಸುವ ನಕ್ಷೆ ಅದು. ಯಾರು ಬೇಕಾದರೂ ಅದರಲ್ಲಿ ಜಾಗ ಗುರುತಿಸಬಹುದು. ಎಜೆಗೆ ಕಾಯ್ದಾ ಕಾಯ್ದೆಯೇ ಆಯಿತು. ಅವಳೊಬ್ಬಳೇ ಮೂರು ಸಾವಿರ ಜಾಗ ಸೇರಿಸಿದಳು: ಒರತೆ, ಮುರಿದ ಸೇತುವೆ, ಕಚ್ಚುವ ನಾಯಿ, ಕಚ್ಚುವುದಿಲ್ಲವೆಂದು ಯಜಮಾನ ಆಣೆಯಿಡುವ ನಾಯಿ. ಡೇರೆ ನಡೆದರೆ ಗುರುತೂ ನಡೆಯಬೇಕೆಂದು ಹತ್ತೊಂಬತ್ತು ಪತ್ರ ಬರೆದಳು. ಈ ಜೂನಿನಲ್ಲಿ ಹುಡುಗಿಯರು ಸೋತು ಆ ಸೌಕರ್ಯ ಕೊಟ್ಟೇಬಿಟ್ಟರು. ಹೊಸ ಜಾಗ ತೋರಿಸಿ 'ಎದ್ದೆ' ಎಂಬ ಗುಂಡಿ ಒತ್ತಿದರೆ ಗುರುತು ಅಲ್ಲಿಗೆ ಹೋಗಿ ಕೂರುತ್ತದೆ. ನಕ್ಷೆಯಲ್ಲಿ ಒಂದು ಲಕ್ಷ ಜಾಗವಾಗುವುದಕ್ಕೆ ಇನ್ನು ನೂರೇ ಬಾಕಿ ಎಂಬ ಸುದ್ದಿಯೂ ಜೊತೆಗೇ ಬಂತು.

ಎಜೆ ಡೇರೆ ಡೇರೆಗೆ ನುಗ್ಗಿ ಎಲ್ಲರ ಕೈಯಲ್ಲೂ ಗುಂಡಿ ಒತ್ತಿಸಿದಳು. ಕೆಳಗಿನ ಡೇರೆಯ ಜಿಪಾರ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. "ನಾನೇನು ಕಳೆದುಹೋದ ಕುರಿಯೇನೆ, ಗುರುತು ಹಾಕೋಕೆ?" ಎಂದಳು.

ಜುಲೈಯಲ್ಲಿ ತಲಾಸ್‌ನಿಂದ ಎಜೆಯ ಹೊಸ ಬೀಗರು ಮೊದಲ ಸಲ ಬರುವವರಿದ್ದರು. ಮಗಳು ಮತ್ತು ಅಳಿಯ ಅವರ ಹಿಂದೆ ಇನ್ನೊಂದು ಕಾರಿನಲ್ಲಿ. ಬೀಗರು ಬರುವ ಮನೆಗೆ ಬೀಗವಿಲ್ಲ, ಇರುವುದು ಕಂಬಳಿ ಪರದೆ. ಆದರೆ ಕಟ್ಟಳೆ ಗಟ್ಟಿ. ಹೊಸ ಬೀಗರು ಮೊದಲ ರೊಟ್ಟಿ ಮುರಿಯಬೇಕಾದದ್ದು ಸೊಸೆಯ ತವರಿನ ಸೂರಿನ ಕೆಳಗೆ. ಆದರೆ ದಾರಿಯಲ್ಲಿ ಯಾರಾದರೂ ರೊಟ್ಟಿ ಚಾಚಿದರೆ, ಮುರಿಯದೆ ಮುಂದೆ ಹೋಗುವಂತೆಯೂ ಇಲ್ಲ. ಇವೆರಡರ ನಡುವೆ ಸಿಕ್ಕಿ ಹಳಸಿದ ಸಂಬಂಧಗಳ ಕಾಗದಗಳನ್ನು ಎಜೆಯೇ ಹಂಚಿದ್ದಳು.

ಆ ಮಧ್ಯಾಹ್ನ ಕಡಾಯಿಯಲ್ಲಿ ಕುರಿ ಬೇಯುತ್ತಿದ್ದಾಗ ಫೋನು ಬಂತು.

"ಬೀಗಿತ್ತಿ, ನಿಮ್ಮ ಗುರುತಿನ ಮೇಲೇ ನಿಂತಿದೀವಿ. ಹುಲ್ಲಲ್ಲಿ ದುಂಡಗೆ ಒಂದು ಬೋಳು ಇದೆ. ಮನೆ ಇಲ್ಲ."

ಎಜೆ ಫೋನು ಹಿಡಿದೇ ಹೊರಗೆ ಬಂದು ಕೆಳಗೆ ನೋಡಿದಳು. ಅದು ಮೂರು ದಿನದ ಹಿಂದೆ ಬಿಟ್ಟು ಬಂದ ಜಾಗ, ಇಳಿಜಾರಿನ ಕೆಳಗೆ ಅರ್ಧ ಮೈಲಿ. ಊರವರ ಗುಂಡಿಯೆಲ್ಲ ಒತ್ತಿಸಿದವಳು ತನ್ನದನ್ನೇ ಒತ್ತಿರಲಿಲ್ಲ! ಮೇಲೆ ಬನ್ನಿ ಎನ್ನೋಣವೆಂದರೆ ದಾರಿ ಇರುವುದು ಜಿಪಾರ್ ಬಾಗಿಲ ಮುಂದೆ. ಜಿಪಾರ್ ಆಗಲೇ ರೊಟ್ಟಿ ಹಿಡಿದು ಹೊರಟದ್ದು ಇಲ್ಲಿಂದಲೇ ಕಾಣುತ್ತಿತ್ತು.

"ನಾನು ರೊಟ್ಟಿ ತಗೊಂಡು ಓಡ್ಲಾ?" ಎಂದ ಗಂಡ ಶಾಮೆನ್.

"ಬಯಲಲ್ಲಿ ಕೊಟ್ಟಿದ್ದು ಮನೆ ರೊಟ್ಟಿ ಆಗುತ್ತಾ, ಮುದುಕಾ? ಮನೇನೇ ತಗೊಂಡು ಓಡು!" ಆಮೇಲೆ ಫೋನಿಗೆ, ಜೇನಿನಂಥ ದನಿಯಲ್ಲಿ: "ನೀವು ಸರಿಯಾಗೇ ಬಂದಿದೀರಿ, ಬೀಗರೇ. ಆ ಬೋಳಿನ ನಡುಮಧ್ಯ ಕೂತ್ಕೊಳ್ಳಿ. ಯಾರಾದ್ರೂ ಏನಾದ್ರೂ ಕೊಡೋಕೆ ಬಂದ್ರೆ, ಬೀಗರ ಮನೇಲಿದೀವಿ ಅನ್ನಿ!"

ಹನ್ನೊಂದು ಜನ ಸೇರಿ ಡೇರೆ ಬಿಚ್ಚಿದೆವು. ಕಂಬಳಿ, ಗೋಡೆಯ ಜಾಲರಿ, ಸೂರಿನ ಕೋಲು ಎಲ್ಲ ಲಾರಿಗೆ ಬಿದ್ದವು. ಕಡಾಯಿಯನ್ನು ಇಬ್ಬರು ಕೋಲಿಗೆ ಸಿಕ್ಕಿಸಿ ಹೊತ್ತರು, ಸಾರು ಚೆಲ್ಲಿದಾಗಲೆಲ್ಲ ಕುಣಿಯುತ್ತ.

ಕೆಳಗೆ ಬೀಗರು ಬಿಳಿ ಟೋಪಿ ಹಾಕಿಕೊಂಡು, ಬೀಗಿತ್ತಿ ಉಡುಗೊರೆಯ ಗಂಟು ಇಟ್ಟುಕೊಂಡು ಬೋಳಿನ ನಡುವೆ ಗಂಭೀರವಾಗಿ ಕೂತಿದ್ದರು. ಜಿಪಾರ್ ಅಂಚಿನಲ್ಲಿ ನಿಂತಿದ್ದಳು.

"ಒಂದು ಚೂರು ಮುರೀರಿ, ಅಣ್ಣಾ."

"ಬೇಜಾರಾಗ್ಬೇಡಮ್ಮ. ನಾವು ಬೀಗರ ಮನೇಲಿದೀವಿ."

"ಎಲ್ಲಿದೆ ಮನೆ?"

ಬೀಗರು ಮೊಬೈಲು ತೋರಿಸಿದರು. "ಇಲ್ಲಿ."

ಅಷ್ಟರಲ್ಲಿ ಲಾರಿ ಉರುಳಿ ಬಂತು.

"ನಾವು ಏಳ್ಬೇಕಾ?" ಎಂದರು ಬೀಗಿತ್ತಿ.

"ಕೂತಿರಿ, ಕೂತಿರಿ! ಬಾಗಿಲು ಬರ್ತಾ ಇದೆ!" ಎಂದು ಎಜೆ ಕೂಗಿದಳು.

ಬಾಗಿಲು ನಿಂತಿತು, ಗೋಡೆ ಅವರನ್ನು ಸುತ್ತುವರಿಯಿತು. ಸೂರಿನ ಕೋಲುಗಳೆಲ್ಲ ಕೂಡುವ ನೆತ್ತಿಯ ಬಳೆ ಎತ್ತಿ ಹಿಡಿಯಲು ಒಂದಾಳು ಕಡಿಮೆ ಬಿತ್ತು. ಜಿಪಾರ್ ರೊಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ನುಗ್ಗಿ ಕವೆಗೋಲು ಹಿಡಿದಳು. "ಕಣಿವೇಗೆಲ್ಲ ಗುರುತು ಹಾಕೋಳು ನೀನು, ನಿನ್ನ ಮನೆ ಹೊತ್ತು ತಿರುಗೋರು ನಾವು!" ಎಂದಳು. ಬೀಗರೂ ಟೋಪಿ ತೆಗೆದು, ಕೂತಲ್ಲಿಂದಲೇ ಒಂದು ಹಗ್ಗ ಎಳೆದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು, ಬೀಗರನ್ನು ಒಳಗೆ ಕೂರಿಸಿಕೊಂಡು ಮನೆ ಕಟ್ಟಿದವರನ್ನು ನೋಡಿರಲಿಕ್ಕಿಲ್ಲ. ಐವತ್ತು ನಿಮಿಷ! ಸೂರು ಮುಚ್ಚಿದ ಕೂಡಲೇ ಎಜೆ ರೊಟ್ಟಿ ಚಾಚಿದಳು. ಬೀಗರು ಮುರಿದರು. ಎಜೆ ಅಲ್ಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಎರಡನೆಯ ರೊಟ್ಟಿ ಜಿಪಾರ್‌ದು, ಕಂಕುಳಲ್ಲಿ ಬೆಚ್ಚಗಾಗಿತ್ತು. "ಹೂಂ, ನನ್ನ ಮನೇನೂ ಹಾಕು ನಿನ್ನ ನಕ್ಷೇಲಿ. ಕಚ್ಚುವ ನಾಯಿ ಅಂತ ಬರೀಬೇಡ ಮತ್ತೆ." ಅದು ಒಂದು ಲಕ್ಷದ ಮೂರನೆಯ ಜಾಗವಾಯಿತು. ಲಕ್ಷನೆಯದು ಓಶ್‌ನ ಯಾವುದೋ ಕ್ಷೌರದಂಗಡಿಗೆ ಹೋಗಿತ್ತು. ಎಜೆ ಅದನ್ನು ಅಲಕ್ಷಿಸಿದಳು.

"ಇಲ್ಲಿ ಹುಲ್ಲಿಲ್ಲ. ಮೇಲಕ್ಕೆ ಯಾವಾಗ ಹೋಗೋದು?" ಎಂದ ಶಾಮೆನ್, ಮೂಳೆ ಚೀಪುತ್ತ.

"ನಾಳೆ ಬೆಳಿಗ್ಗೆ. ಗುಂಡಿ ಮಾತ್ರ ಈಗ್ಲೇ ಒತ್ತಿಬಿಡ್ತೀನಿ. ಆಮೇಲೆ ಮತ್ತೆ ಮರೆತುಹೋದ್ರೆ?" ಮೇಲಿನ ಜಾಗ ತೋರಿಸಿ, ಒತ್ತಿ, ನೆಮ್ಮದಿಯಿಂದ ಇನ್ನೊಂದು ಬಟ್ಟಲು ಸಾರು ಬಗ್ಗಿಸಿಕೊಂಡಳು.

ಅರ್ಧ ಗಂಟೆಯಲ್ಲಿ ಹಿಂದಿನ ಕಾರಿನಿಂದ ಫೋನು ಬಂತು. ಮಗಳು.

"ಅಮ್ಮಾ, ನಿನ್ನ ಗುರುತಿನ ಮೇಲೇ ನಿಂತಿದೀವಿ..."

ಶಾಮೆನ್ ಮೂಳೆ ಕೆಳಗಿಟ್ಟು ಎದ್ದು, ಸೂರಿನ ಮೊದಲ ಹಗ್ಗಕ್ಕೆ ಕೈ ಹಾಕಿದ.