ಸಾಲಿಗ್ರಾಮಗಳ ನಡುವೆ ಒಂದು ಕೊಡಲಿ

ಪಾಲಕರು ಗೇಟಿಗೆ ಬರಬಹುದು, ಯಾರಾದರೂ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಬಹುದು, ‘ನಿಮ್ಮಜ್ಜ ಮಂಗ್ಯಾ ಏನ್ರಿ?’ ಎಂದು ಹಿಂದಿನ ಬೆಂಚು ಕೇಳಬಹುದು, ನನಗೆ ಅಲ್ಲೇ ಬಿ.ಪಿ. ಏರಬಹುದು. ಕುರುಗೋಡಿನ ನಮ್ಮ ಶಾಲೆಯಲ್ಲಿ ಜೀವವಿಕಾಸದ ಪಾಠ ಮಾಡಬೇಕಿದ್ದ ಮುಂಜಾನೆ ಇಷ್ಟೆಲ್ಲ ಎಣಿಸುತ್ತ ಕುಳಿತಿದ್ದೆ. ‘ಬಿಟ್ಟುಬಿಡ್ರಿ ಮೇಡಂ, ಯಾಕ್ಬೇಕು ತಂಟಿ’ ಎಂದಿದ್ದರು ಹೆಡ್‌ಮಾಸ್ತರರು. ಚೀಲಕ್ಕೆ ಹಾಕಲೆಂದು, ಅತ್ತೆಯಿಂದ ನನಗೆ ಬಂದ ಕಲ್ಲಿನ ಕೊಡಲಿಯನ್ನು ಕೈಗೆತ್ತಿಕೊಂಡೆ. ತುಳಸಿ, ಗಂಧದ ವಾಸನೆ. ನಲವತ್ತು ವರ್ಷವಾದರೂ ಹೋಗಿಲ್ಲ; ಅಥವಾ ಅದು ನನ್ನ ಮೂಗಿನ ಹಟ.

ವಾರಿಜತ್ತೆ ಅಪ್ಪನ ತಂಗಿ, ನಾನು ಚಿಕ್ಕವಳಿದ್ದಾಗ ಸಿರುಗುಪ್ಪದಲ್ಲಿ ವಿಜ್ಞಾನದ ಟೀಚರು. ಶಿಲಾಯುಗದ ಜನ ಬಾಳಿದ್ದ ಸಂಗನಕಲ್ಲಿನ ಗುಡ್ಡದಡಿ ಸಿಕ್ಕ ಆ ನುಣುಪು ಕರಿಗಲ್ಲನ್ನು ಸತ್ಯನಾರಾಯಣಪೇಟೆಯ ನಮ್ಮ ಹಿತ್ತಲಿನಲ್ಲಿ ತೊಳೆದು, ಪೂಜೆಯ ಪಾತ್ರೆಗಳ ಪಕ್ಕ ಒಣಗಲಿಟ್ಟಿದ್ದಳು. ಕಣ್ಣಿಗೆ ಪೊರೆ ಬಂದಿದ್ದ ಅಜ್ಜ ಅದನ್ನು ಸಾಲಿಗ್ರಾಮವೆಂದೇ ತಿಳಿದು ಮಡಿಯಲ್ಲಿ ಒಳಗೊಯ್ದರು. ಮೂರು ದಿನ ಮನೆಮಂದಿಯೆಲ್ಲ ಕೊಡಲಿಗೆ ಅಭಿಷೇಕ ಮಾಡಿದ ತೀರ್ಥ ಕುಡಿದೆವು. ಗುಟ್ಟು ರಟ್ಟಾದಾಗ ಹೊಟ್ಟೆ ಮುಟ್ಟಿ ನೋಡಿಕೊಂಡವಳು ನಾನೊಬ್ಬಳೇ.

ನಾಲ್ಕನೆಯ ದಿನ ಅತ್ತೆಗೆ ಪಾಠಕ್ಕೆ ಕಲ್ಲು ಬೇಕಾಯಿತು. ಕೊಡಲಿಯೆಂದು ಗೊತ್ತಾದ ಮೇಲೂ ಅಜ್ಜ ಬಾಗಿಲಿಗೆ ಅಡ್ಡ ನಿಂತರು.

‘ಮಂಗ್ಯಾನ ಮಕ್ಕಳು ನಾವಂತ ಹೇಳಲಿಕ್ಕೆ ನನ್ನ ದೇವರನ್ನ ಒಯ್ತೀ ಏನು?’

‘ಮಕ್ಕಳಲ್ಲಪ್ಪಾ, ದಾಯಾದಿಗಳು. ಮೂಲಪುರುಷ ಒಬ್ಬನ.’

ಪಕ್ಕದ ಮನೆಯ ಗುಮಾಸ್ತ ರಾಘಣ್ಣ ರಾಜಿಗೆ ಬಂದರು. ‘ಮೀನು, ಆಮಿ, ಹಂದಿ, ಆಮ್ಯಾಲೆ ಮನುಷ್ಯಾ. ನಮ್ಮ ಅವತಾರದಾಗ ಎಲ್ಲಾ ಅದ ಅಲ್ರೀ!’

ಅಜ್ಜ ಸಿಡಿದರು: ‘ದೇವರೇನು ವರ್ಷಾ ವರ್ಷಾ ಪಾಸಾಗಿ ಮ್ಯಾಲೆ ಬಂದಾನೇನೋ? ಮೀನಾಗಿದ್ದಾಗೂ ಅಂವಾ ಪೂರ್ಣನ!’ ಅತ್ತೆಯೂ ಅಷ್ಟೇ ಜೋರು: ‘ನನ್ನ ಪಾಠಕ್ಕ ನಿಮ್ಮ ಊರುಗೋಲು ಬ್ಯಾಡ್ರಿ.’ ಅಪ್ಪ ಮಗಳು ಒಪ್ಪಿದ್ದು ಅದೊಂದನ್ನೇ, ಈ ರಾಜಿ ಬೇಡವೆಂಬುದನ್ನು. ರಾಘಣ್ಣ ಕಾಫಿ ಮುಟ್ಟದೆ ಎದ್ದರು.

ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಮಡಿಯಿಲ್ಲದ ಸೀರೆಯಲ್ಲೇ ದೇವರಮನೆಯ ಹೊಸ್ತಿಲು ದಾಟಿ, ಕೊಡಲಿ ಎತ್ತಿಕೊಂಡು ಹೊರಟೇಬಿಟ್ಟಳು. ಅಜ್ಜ ಮತ್ತೆ ಸ್ನಾನ ಮಾಡಿ, ಪೂಜೆಯನ್ನು ಮೊದಲಿನಿಂದ ಮಾಡಿದರು. ಆದರೆ ಸಂಜೆ ಅವಳಿಗಾಗಿ ಕಟ್ಟೆಯ ಮೇಲೆ ಕಾದು ಕುಳಿತವರೂ ಅವರೇ.

‘ಏನು ಕೇಳಿದ್ರು ಹುಡುಗ್ರು?’

‘ಬಾಲ ಯಾವಾಗ ಹೋತು ಅಂತ.’

‘ನೀ ಏನಂದಿ?’

ದೀಪ ಹಚ್ಚುವ ತನಕ ಮತ್ತೆ ಜಗಳ.

ಆ ಮನೆ ಈಗ ಔಷಧದ ಅಂಗಡಿಯವರ ಗೋದಾಮು. ಅಜ್ಜನೂ ಇಲ್ಲ, ಅತ್ತೆಯೂ ಇಲ್ಲ. ಆ ಮುಂಜಾನೆ ನಾನು ಪಾಠ ಮಾಡಿದೆ, ಒಂದು ಸಾಲೂ ಬಿಡದೆ. ಮುಂದಿನ ವರ್ಷವೂ ಮಾಡುತ್ತೇನೆ. ಕೊಡಲಿ ಬೆಂಚಿನಿಂದ ಬೆಂಚಿಗೆ ಹೋಗಿ ನನ್ನ ಮೇಜಿಗೆ ಮರಳಿತು. ಯಾವ ಪಾಲಕರೂ ಬರಲಿಲ್ಲ. ಎಡವಟ್ಟಾದದ್ದು ಇಷ್ಟೇ: ತುಂಬಿದ ತರಗತಿಯಲ್ಲಿ ಒಂದು ಮಗುವೂ ಏನನ್ನೂ ಕೇಳಲಿಲ್ಲ.