ಐದೂವರೆಯ ತಾಟು

ಸುಮತಿಯ ಜಾಗವನ್ನು ನಾನು ಕಸಿದುಕೊಂಡೆ. ಉಳಿದ ವಿವರಗಳಲ್ಲಿ ನನ್ನ ನೆನಪು ತಪ್ಪಿರಬಹುದು — ಅದು ಎಂಬತ್ತೇಳೋ ಎಂಬತ್ತೆಂಟೋ, ಅಂದು ಅಜ್ಜಿ, ನಮ್ಮ ಆಯಿ, ಸುಲಿಯುತ್ತಿದ್ದದ್ದು ಶೇಂಗಾವೋ ಅವರೆಯೋ — ಆದರೆ ನಾನಾಡಿದ ಮಾತು ಒಂದಕ್ಷರವೂ ಸವೆದಿಲ್ಲ.

ಸುಮತಿ ನನ್ನ ಸೋದರಮಾವನ ಮಗಳು, ಸದಲಗಾದವಳು. ನಾನು ನಿಪ್ಪಾಣಿಯವಳು. ಚಿಕ್ಕೋಡಿಯ ಕಾಲೇಜಿನಲ್ಲಿ ಇಬ್ಬರೂ ಹ್ಯಾಂಡ್‌ಬಾಲ್ ಗೋಲ್‌ಕೀಪರ್‌ಗಳು. ಆಕೆ ಕೈಕಾಲು ಚಾಚಿ ಎಗರಿದರೆ ಗೋಲಿನ ಕಂಬಗಳೇ ಹತ್ತಿರ ಸರಿದಂತೆ ಕಾಣುತ್ತಿತ್ತು. ನಾನು ಚೆಂಡು ಬಂದಾಗ ಕಣ್ಣು ಮುಚ್ಚುತ್ತಿದ್ದೆ. ದೇಶದ ಮೇಲ್ದರ್ಜೆಯ ಮಹಿಳಾ ತಂಡಗಳು ಸೆಣಸುವ ರಾಷ್ಟ್ರೀಯ ಪಂದ್ಯಾವಳಿಗೆಂದು ರಾಜ್ಯ ತಂಡದ ಶಿಬಿರ ಧಾರವಾಡದಲ್ಲಿತ್ತು. ಆಯ್ಕೆಯಾದವಳು ಸುಮತಿ. ಆಕೆ ಬಾರದಿದ್ದರೆ ಮಾತ್ರ ನಾನು.

ನಮ್ಮ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಿಪ್ಪಾಣಿಯ ನಮ್ಮ ಮನೆಯಲ್ಲಿ ಆ ನೇಮ ಸಡಿಲವಾಗಿತ್ತು. ಸದಲಗಾದಲ್ಲಿ, ನಮ್ಮಿಬ್ಬರ ಅಜ್ಜಿ ಆಯಿಯ ಕಣ್ಣೆದುರು, ಸಾಧ್ಯವಿರಲಿಲ್ಲ. ಇದು ಶಿಬಿರವನ್ನೂ ನಡೆಸಲಿದ್ದ ನಮ್ಮ ತರಬೇತಿಯ ಮೇಡಂಗೂ ಗೊತ್ತಿತ್ತು. ಸುಮತಿ ಬಾರದ ಒಂದು ದಿನ ಅವರು ನನ್ನನ್ನು ಕರೆದು, "ಶಿಬಿರದಾಗ ಆಕಿ ಊಟದ ತಾಟು ಐದೂವರಿಗೇ ತಗದ ಇಡಸ್ತೀನಿ. ನಿಮ್ಮ ಅಜ್ಜಿಗೆ ಹೋಗಿ ಹೇಳವಾ" ಎಂದರು.

ಭಾನುವಾರ ಸದಲಗಾಕ್ಕೆ ಹೋದೆ. ಆಯಿ ಕೇಳಿದ್ದು ಒಂದೇ.

"ಅಲ್ಲಿ ಸಂಜೀ ಊಟಾ ಯಾವಾಗ ಕೊಡ್ತಾರ?"

"ಕತ್ತಲಾದ ಮ್ಯಾಲನ, ಆಯಿ."

"ಹಂಗಾರ ಬ್ಯಾಡ."

ಸುಲಿಯುವ ಕೈ ನಿಲ್ಲಲೇ ಇಲ್ಲ. ಸುಮತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತಳೇ? ಒಮ್ಮೆ ಅತ್ತಂತೆ ನೆನಪು, ಇನ್ನೊಮ್ಮೆ ನನ್ನನ್ನೇ ದಿಟ್ಟಿಸಿದಂತೆ. ಎರಡನ್ನೂ ನಂಬಲಾರೆ.

ಶಿಬಿರಕ್ಕೆ ನಾನು ಹೋದೆ. "ಊಟದ ಮಾತ ಹೇಳಿದ್ಯಲ್ಲ?" ಎಂದು ಮೇಡಂ ಕೇಳಿದರು. "ಹೇಳೀನ್ರಿ. ಆದ್ರೂ ಮನ್ಯಾಗ ಒಲ್ಲೆ ಅಂದ್ರು." ಮೊದಲ ಸಂಜೆಯೇ ಅಡುಗೆಯವಳು ಬಂದಳು — "ಹೊತ್ತ ಇದ್ದಾಗನ ಉಣ್ಣೋ ಸದಲಗಾದ ಹುಡುಗಿ ನೀನ ಏನ?" ಹೌದೆಂದೆ. ಯಾಕೆ ಹಾಗೆಂದೆ? ಹಸಿವಿತ್ತು ಎಂದು ಬಹಳ ವರ್ಷ ಹೇಳಿಕೊಂಡೆ — ಅದೂ ಸುಳ್ಳೇ ಇರಬೇಕು. ತಿಂಗಳಿಡೀ, ಹೊತ್ತು ಮುಳುಗುವ ಮೊದಲು, ಸುಮತಿಯ ತಾಟಿನಲ್ಲಿ ಉಂಡೆ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ನನ್ನನ್ನು ಇಳಿಸಿದ್ದು ಒಂದೇ ಆಟಕ್ಕೆ, ಅದೂ ಕೊನೆಯ ಕೆಲವು ನಿಮಿಷ. ಆಗಲೂ ಕಣ್ಣು ಮುಚ್ಚಿದೆ. ಆದರೂ ಅಲ್ಲಿ ಆಡಿದ ಪ್ರಮಾಣಪತ್ರದ ಬಲದಿಂದಲೇ ನನಗೆ ಕ್ರೀಡಾ ಕೋಟಾದಲ್ಲಿ ಎಂ.ಎ. ಸೀಟು ಸಿಕ್ಕಿತು.

ಪಂದ್ಯಾವಳಿ ಮುಗಿಸಿ ಸದಲಗಾಕ್ಕೆ ಹೋದಾಗ ಸುಮತಿ ನಗುತ್ತ ಕೇಳಿದಳು: "ತಿಂಗಳಗಟ್ಲೆ ಕತ್ತಲಾಗ ಉಂಡ ಬಂದಿ ಏನ? ಆಯಿ ಬಿಡ್ತಾಳನ ನಿನ್ನ?"

ಆಯಿ ಬಿಡಲಿಲ್ಲ. ಪ್ರಾಯಶ್ಚಿತ್ತವೆಂದು ಒಂದು ದಿನ ಉಪವಾಸ ಹಾಕಿದಳು. ಮಾಡದ ತಪ್ಪಿಗೆ ಹಸಿದು ಕುಳಿತೆ — ಮಾಡಿದ್ದನ್ನು ಹೇಳಲಿಲ್ಲ. ಆಗ ಸುಮತಿ ಬಂದು, ಯಾರೂ ಕೇಳದಿದ್ದರೂ, ನನ್ನ ಪಕ್ಕದಲ್ಲಿ ತಾನೂ ಉಪವಾಸ ಕುಳಿತಳು. "ನಿಂಗ ಜೋಡಿ ಬೇಕಲ್ಲ" ಎಂದಳು. ಅಷ್ಟೇ.

ಅಂದಿನಿಂದ ಸಂಶಯ — ಸುಮತಿಗೆ ನಿಜ ಗೊತ್ತಿತ್ತೇ? ಮೇಡಂ ಆಕೆಗೆ ಕಾಗದ ಬರೆದಿದ್ದರೇ? ಶಿಬಿರದ ಹುಡುಗಿಯರು ಯಾರಾದರೂ ಹೇಳಿದ್ದರೇ? ಆಕೆಯ ಪ್ರತಿ ನಗುವನ್ನೂ ಹಿಂದುಮುಂದು ತಿರುವಿ ನೋಡಿದ್ದೇನೆ. ಮೋಸ ಮಾಡಿದವಳು ನಾನು, ಅನುಮಾನಿಸಿದ್ದು ಅವಳನ್ನು.

ಸುಮತಿಯನ್ನು ಕಾಗವಾಡಕ್ಕೆ ಕೊಟ್ಟಿದ್ದಾರೆ. ಆಯಿ ಈಗಿಲ್ಲ. ಹೋದ ತಿಂಗಳು ಸುಮತಿಯ ಮನೆಗೆ ಹೋಗಿ ಎಲ್ಲ ಹೇಳಿದೆ — ಮೇಡಂ ಮಾತು, ಐದೂವರೆಯ ತಾಟು, ಎಲ್ಲ. ಆಕೆ ಒಣದ್ರಾಕ್ಷಿಯಿಂದ ಕಡ್ಡಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಕೊನೆಗೆ ಹೊರಗೆ ನೋಡಿ, "ಏಳ, ಹೊತ್ತ ಮುಳುಗಾಕತ್ತೈತಿ, ಉಣ್ಣು ನಡಿ" ಎಂದು ತಾಟು ಇಟ್ಟಳು.

ತುತ್ತು ಎತ್ತುವ ಮೊದಲು ಕೇಳಿದೆ: "ಸುಮತಿ, ಆವತ್ತ ನನ್ನ ಜೋಡಿ ನೀ ಯಾಕ ಉಪವಾಸ ಕುಂತಿ?"